ಹೊಸ ಹುಡುಗರನ್ನು ನಾಲ್ಕು ವರ್ಷ ಬಿಟ್ಟು ಅಳೆಯಿರಿ

ಡಿಸೆಂಬರ್ ಮೊದಲ ವಾರ ಬಂತೆಂದರೆ ಅಮೆರಿಕದ ಕಾಲೇಜು ಫುಟ್‌ಬಾಲ್ ತಂಡಗಳ ನಡುವೆ ಮೈದಾನದ ಹೊರಗೆ ಇನ್ನೊಂದು ಪೈಪೋಟಿ ಶುರುವಾಗುತ್ತದೆ. ಹೈಸ್ಕೂಲಿನ ಕೊನೆಯ ವರ್ಷದ ಆಟಗಾರರು ತಾವು ಯಾವ ಕಾಲೇಜು ಸೇರುತ್ತೇವೆಂದು ಸಹಿ ಹಾಕುವ ವಾರ ಅದು. ದೊಡ್ಡ ಕಾಲೇಜುಗಳು ಸಾಮಾನ್ಯವಾಗಿ ಇಪ್ಪತ್ತು ಇಪ್ಪತ್ತೈದು ಹುಡುಗರನ್ನು ಸೇರಿಸಿಕೊಳ್ಳುತ್ತವೆ. ಅವರಲ್ಲಿ ಯಾರು ಐದು ನಕ್ಷತ್ರದವನು, ಯಾರು ಮೂರರವನು ಎಂದು ಮೊದಲೇ ಅಂಕ ಹಾಕಿ ಆಗಿರುತ್ತದೆ. ಸಂಜೆಯೊಳಗೆ ಆ ಅಂಕಗಳನ್ನೆಲ್ಲ ಕೂಡಿ, ಯಾವ ಕಾಲೇಜಿನ ಬ್ಯಾಚ್ ದೇಶಕ್ಕೆ ಎಷ್ಟನೆಯದು ಎಂಬ ಪಟ್ಟಿಯೂ ಹೊರಬೀಳುತ್ತದೆ.

ನಾನು ಒಹಾಯೊ ರಾಜ್ಯದ ಕೊಲಂಬಸ್ ಪಕ್ಕದ ಊರೊಂದರ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಹುಟ್ಟಿ ಬೆಳೆದದ್ದು ತುಮಕೂರಿನಲ್ಲಿ. ಸಹಿ ಹಾಕುವ ಹುಡುಗರಲ್ಲಿ ಕೆಲವರು ನನ್ನ ಕ್ಲಾಸಿನಲ್ಲೇ ಕೂತು ಬೀಜಗಣಿತ ಕಲಿತವರು. ಅವರ ಅಂಕ ಎಷ್ಟಿದೆ, ಆಡಲು ಅರ್ಹರೇ ಎಂದು ಕೇಳುವ ಹಾಳೆ ನನ್ನ ಮೇಜಿಗೂ ಬರುತ್ತದೆ. ಆ ಸಂಜೆಯ ಪಟ್ಟಿಯನ್ನು ನೋಡಿ ಕೊಲಂಬಸ್ ಹಿಗ್ಗುವುದನ್ನೂ ಕುಗ್ಗುವುದನ್ನೂ ಕಂಡ ನನಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕೆನಿಸಿದೆ. ಹೊಸ ಬ್ಯಾಚ್ ತಂಡಕ್ಕೆ ಏನು ಕೊಟ್ಟಿತೆಂದು ತಿಳಿಯಲು ನಾಲ್ಕು ವರ್ಷ ಬೇಕು. ಈಗಿನ ವ್ಯವಸ್ಥೆ ಆ ನಾಲ್ಕು ವರ್ಷವನ್ನೇ ಹುಡುಗರಿಂದ ಕಸಿದುಕೊಳ್ಳುತ್ತಿದೆ.

ಕನ್ನಡದ ಓದುಗರಿಗೆ ಈ ಆಟ ಅಷ್ಟಾಗಿ ಗೊತ್ತಿರಲಿಕ್ಕಿಲ್ಲ. ಇಲ್ಲಿ ಚೆಂಡನ್ನು ಹಿಡಿದು ಓಡುತ್ತಾರೆ, ಎಸೆಯುತ್ತಾರೆ, ಎದುರಾಳಿಯನ್ನು ಕೆಡವುತ್ತಾರೆ. ನಾಲ್ಕು ಯತ್ನದಲ್ಲಿ 10 ಗಜ ಮುಂದೆ ಹೋಗದಿದ್ದರೆ ಚೆಂಡು ಎದುರಾಳಿಯ ಪಾಲು. ಹದಿನೆಂಟರ ಹುಡುಗ ಇಪ್ಪತ್ತೆರಡರ ಗಂಡಸಿನ ಎದುರು ನಿಲ್ಲಬೇಕಾದ ಆಟ ಇದು. ಓಟಗಾರರು, ಚೆಂಡು ಹಿಡಿಯುವವರು ಮೊದಲ ವರ್ಷವೇ ಮಿಂಚಬಹುದು. ಮುಂಚೂಣಿಯಲ್ಲಿ ಎದೆಗೆ ಎದೆ ಕೊಟ್ಟು ತಳ್ಳಾಡುವ ಭಾರೀ ಹುಡುಗರಿಗೆ ಮೈ ಬಲಿಯಲಿಕ್ಕೇ ಎರಡು ವರ್ಷ ಬೇಕು.

ಕೊಲಂಬಸ್ಸಿನ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ 2021ರ ಬ್ಯಾಚನ್ನೇ ನೋಡಿ. ಆ ವರ್ಷದ ಪಟ್ಟಿಯಲ್ಲಿ ಅಲಬಾಮಾದ ನಂತರ ಎರಡನೇ ಸ್ಥಾನ ಅದರದು. ಟ್ರವೆಯಾನ್ ಹೆಂಡರ್ಸನ್ ಎಂಬ ಓಟಗಾರ ಸೇರಿದ ವರ್ಷವೇ, ಸೆಪ್ಟೆಂಬರ್ 18ರಂದು, ಟುಲ್ಸಾ ತಂಡದ ಎದುರು 277 ಗಜ ಓಡಿದ. ಒಹಾಯೊ ಸ್ಟೇಟ್‌ನ ಮೊದಲ ವರ್ಷದವರಲ್ಲಿ ಒಂದೇ ಪಂದ್ಯದ ಅದುವರೆಗಿನ ದಾಖಲೆ ಆರ್ಚಿ ಗ್ರಿಫಿನ್ ಅವರ 239 ಗಜ. ಅದು 1972ರ ಮಾತು. ಮೊದಲ ವರ್ಷದವರೂ ಮುಖ್ಯ ತಂಡದಲ್ಲಿ ಆಡಬಹುದೆಂದು ನಿಯಮ ಮತ್ತೆ ಒಪ್ಪಿದ ವರ್ಷ. ಗ್ರಿಫಿನ್ ಕೊಲಂಬಸ್ಸಿನ ಮನೆಮಗ. ಕಾಲೇಜು ಫುಟ್‌ಬಾಲಿನ ಅತಿದೊಡ್ಡ ಗೌರವವಾದ ಹೈಸ್‌ಮನ್ ಪ್ರಶಸ್ತಿಯನ್ನು ಎರಡು ಸಲ ಗೆದ್ದವರು ಅವರೊಬ್ಬರೇ. ಅವರ ದಾಖಲೆ ಮುರಿದವನು ಎಂದಮೇಲೆ ಊರಿನ ಸಂಭ್ರಮ ಕೇಳಬೇಕೇ?

ಆದರೆ ಅದೇ ಬ್ಯಾಚಿನ ಎಮೆಕಾ ಎಗ್ಬುಕಾ ಮೊದಲ ವರ್ಷ ಹಿಡಿದದ್ದು ಬರೀ 9 ಚೆಂಡು. ಆಗ ಅವನ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ. ಕಾಲೇಜು ಬಿಡುವ ಹೊತ್ತಿಗೆ 205 ಚೆಂಡು ಹಿಡಿದು, ಆ ಕಾಲೇಜಿನ ಇತಿಹಾಸದಲ್ಲೇ ಅತಿ ಹೆಚ್ಚು ಹಿಡಿದವನು ಎನಿಸಿದ. ಮೊದಲ ವರ್ಷದ ಲೆಕ್ಕವನ್ನೇ ಹಿಡಿದು ಅವನನ್ನು ಅಳೆದಿದ್ದರೆ?

ಆ ಬ್ಯಾಚ್ ಪಟ್ಟ ಪಾಡೂ ಸಣ್ಣದಲ್ಲ. ಇಲ್ಲಿ ಮಿಶಿಗನ್ ಎದುರು ಸೋಲುವುದೆಂದರೆ ಊರಿಗೇ ಸೂತಕ. 2021, 2022, 2023 — ಮೂರು ವರ್ಷವೂ ಸೋತರು. ಮೂರು ವರ್ಷ ಮುಗಿಸಿದವರಿಗೆ ವೃತ್ತಿಪರ ಲೀಗಿನ ಬಾಗಿಲು ತೆರೆಯುತ್ತದೆ. ಹೆಂಡರ್ಸನ್, ಎಗ್ಬುಕಾ, ಜ್ಯಾಕ್ ಸಾಯರ್, ಜೆ.ಟಿ. ಟುಯಿಮೊಲೊವಾವ್, ಡೊನೊವನ್ ಜಾಕ್ಸನ್ ಎಲ್ಲರೂ ಹೋಗಬಹುದಿತ್ತು. ಹೋಗಲಿಲ್ಲ. ಇನ್ನೊಂದು ವರ್ಷ ಆಡುತ್ತೇವೆಂದು ಒಬ್ಬರ ಹಿಂದೆ ಒಬ್ಬರು ಹೇಳಿದರು. ದುಡ್ಡೂ ಸಿಕ್ಕಿತು ನಿಜ. 2024ರ ತಂಡದ ಆಟಗಾರರಿಗೆ ಒಟ್ಟು ಸುಮಾರು 2 ಕೋಟಿ ಡಾಲರ್ ಸಂದಿತೆಂದು ಕಾಲೇಜಿನ ಕ್ರೀಡಾ ನಿರ್ದೇಶಕರೇ ಹೇಳಿದ್ದಾರೆ. ಅದರಲ್ಲಿ ತಪ್ಪೇನೂ ಇಲ್ಲ. ಒಂದು ಲಕ್ಷ ಜನ ಟಿಕೆಟ್ ಕೊಂಡು ಬರುವುದು ಅವರ ಆಟ ನೋಡಲಿಕ್ಕೇ ತಾನೆ.

ನಾಲ್ಕನೇ ವರ್ಷ, 2024ರ ನವೆಂಬರ್ 30ರಂದು ತಮ್ಮದೇ ಮೈದಾನದಲ್ಲಿ ಮಿಶಿಗನ್ ಎದುರು ಮತ್ತೆ ಸೋತರು, 13–10. ಪಂದ್ಯ ಮುಗಿದ ಮೇಲೆ ಹೊಡೆದಾಟವಾಗಿ, ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆಯಬೇಕಾಯಿತು. ಕೋಚ್ ರಯನ್ ಡೇ ಅವರನ್ನು ಕಿತ್ತುಹಾಕಿ ಎಂದು ಊರೆಲ್ಲ ಕೂಗಿತು. ಸೋಮವಾರ ಕ್ಲಾಸಿಗೆ ಬಂದ ಮಕ್ಕಳಿಗೆ ಪಾಠ ಕೇಳುವ ಮನಸ್ಸೇ ಇರಲಿಲ್ಲ. ಆ ತಂಡ ಅಲ್ಲಿಗೇ ಚೂರಾಗಬೇಕಿತ್ತು. ಆಗಲಿಲ್ಲ, ಏಕೆಂದರೆ ಅದರಲ್ಲಿ ನಾಲ್ಕು ವರ್ಷ ಒಟ್ಟಿಗೆ ಸೋತು ಬಲ್ಲವರು ಇದ್ದರು. ಬಾಗಿಲು ಹಾಕಿಕೊಂಡು ಮನಸ್ಸು ಬಿಚ್ಚಿ ಮಾತಾಡಿದೆವು ಎಂದು ಆಟಗಾರರೇ ಆಮೇಲೆ ಹೇಳಿದರು. ಮುಂದಿನ ಏಳು ವಾರದಲ್ಲಿ ಟೆನೆಸಿ, ಒರೆಗಾನ್, ಟೆಕ್ಸಾಸ್, ನೋಟರ್ ಡೇಮ್ ನಾಲ್ಕನ್ನೂ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆದರು.

ಟೆಕ್ಸಾಸ್ ಎದುರಿನ ಪಂದ್ಯದ ಒಂದು ಗಳಿಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2025ರ ಜನವರಿ 10. ಒಹಾಯೊ ಸ್ಟೇಟ್ 21–14ರಿಂದ ಮುಂದಿದೆ. ಎರಡು ನಿಮಿಷ ಚಿಲ್ಲರೆ ಉಳಿದಿದೆ. ಟೆಕ್ಸಾಸ್ ಗೋಲ್ ಗೆರೆಯಿಂದ ಒಂದೇ ಗಜ ದೂರದಲ್ಲಿತ್ತು. ಒಂದು ಓಟವನ್ನು ಹಿಂದಕ್ಕೆ ದಬ್ಬಿದರು, ಏಳು ಗಜ ಹೋಯಿತು. ಕೊನೆಯ ಯತ್ನ, 8 ಗಜ ಬೇಕು. ಟೆಕ್ಸಾಸ್ ಕ್ವಾರ್ಟರ್‌ಬ್ಯಾಕ್ ಕ್ವಿನ್ ಯೂವರ್ಸ್ ಚೆಂಡೆಸೆಯಲು ಕೈ ಎತ್ತುವಷ್ಟರಲ್ಲಿ ಜ್ಯಾಕ್ ಸಾಯರ್ ಅಂಚಿನಿಂದ ನುಗ್ಗಿ ಬಡಿದ. ಚೆಂಡು ಕೈಜಾರಿತು. ಸಾಯರ್ ತಾನೇ ಎತ್ತಿಕೊಂಡು 83 ಗಜ ಓಡಿ ಆ ತುದಿ ಮುಟ್ಟಿಸಿದ. ಇಲ್ಲಿಂದ ಅರ್ಧ ಗಂಟೆ ದೂರದ ಪಿಕರಿಂಗ್ಟನ್ನಿನ ಹುಡುಗ ಅವನು.

ಈ ಯೂವರ್ಸ್ ಕೂಡ 2021ರಲ್ಲಿ ಒಹಾಯೊ ಸ್ಟೇಟ್ ಸೇರಿದವನೇ, ಸಾಯರ್‌ನ ರೂಮ್‌ಮೇಟ್! ಹೈಸ್ಕೂಲಿನ ಆಟಗಾರರು ಜಾಹೀರಾತಿನಿಂದ ದುಡ್ಡು ಮಾಡಬಾರದೆಂಬ ನಿಯಮ ಅವನ ತವರು ಟೆಕ್ಸಾಸಿನಲ್ಲಿತ್ತು. ಅದಕ್ಕೇ ಅವನು ಹೈಸ್ಕೂಲಿನ ಕೊನೆಯ ವರ್ಷದ ಆಟ ಬಿಟ್ಟು ಬೇಗನೆ ಕಾಲೇಜಿಗೆ ಬಂದ. ಇಡೀ ವರ್ಷದಲ್ಲಿ ಅವನಿಗೆ ಆಡಲು ಸಿಕ್ಕಿದ್ದು ಎರಡೇ ಯತ್ನ. ಊರ ಕಡೆಗೆ, ಟೆಕ್ಸಾಸಿಗೆ ಮರಳಿದ. ಅವನನ್ನು ನಾನು ದೂರುವುದಿಲ್ಲ. ಅಲ್ಲಿ ಚೆನ್ನಾಗಿಯೇ ಆಡಿದ. ಆದರೆ ಸಹಿ ಹಾಕಿದ ದಿನದ ಅಂಕದಲ್ಲಿ ಅವನು ಸಾಯರ್‌ಗಿಂತ ಮೇಲಿದ್ದ. ಆ ಬ್ಯಾಚ್ ಕೊಲಂಬಸ್ಸಿಗೆ ಕೊಟ್ಟ ಅತಿ ದೊಡ್ಡ ಗಳಿಗೆ ಬಂದದ್ದು ಉಳಿದವನ ಕೈಯಿಂದ.

ಡೊನೊವನ್ ಜಾಕ್ಸನ್‌ನದು ಅಷ್ಟು ಸದ್ದು ಮಾಡದ ಕತೆ. ನನಗೆ ಅದರ ಮೇಲೇ ಹೆಚ್ಚು ಮಮತೆ. ಅವನು ಮುಂಚೂಣಿಯ ಒಳಸಾಲಿನಲ್ಲಿ ಆಡುತ್ತಿದ್ದವನು. 2024ರ ಅಕ್ಟೋಬರಿನಲ್ಲಿ ಎಡ ತುದಿಯ ಆಟಗಾರ ಗಾಯಗೊಂಡ, ಬದಲಿಗೆ ಬಂದವನೂ ಗಾಯಗೊಂಡ. ಜಾಕ್ಸನ್‌ನನ್ನು ಋತುವಿನ ನಡುವೆಯೇ ಆ ಜಾಗಕ್ಕೆ ಸರಿಸಿದರು. ಹೊಸ ಜಾಗದಲ್ಲಿ ಮೊದಲ ಪೂರ್ತಿ ಪಂದ್ಯ ಪೆನ್ ಸ್ಟೇಟ್ ಮೈದಾನದಲ್ಲಿ, ದೇಶದ ಅತ್ಯಂತ ಬಿರುಸಿನ ಆಕ್ರಮಣಕಾರ ಅಬ್ದುಲ್ ಕಾರ್ಟರ್ ಎದುರು. ಗೆದ್ದು ಬಂದರು. ನಾಲ್ಕು ವರ್ಷ ಒಂದೇ ತಂಡದ ಪಟ್ಟುಗಳನ್ನು ಅರೆದು ಕುಡಿದವನಿಗೆ ಮಾತ್ರ ಹೀಗೆ ಒಂದು ವಾರದಲ್ಲಿ ಜಾಗ ಬದಲಿಸಿಕೊಳ್ಳಲು ಸಾಧ್ಯ.

ಹಾಗಾದರೆ ಮೊದಲ ವರ್ಷದವರಿಂದ ತಂಡಕ್ಕೆ ತಕ್ಷಣದ ಲಾಭವೇ ಇಲ್ಲವೇ? ಇದೆ. ಅದೇ ತಂಡದಲ್ಲಿ ಫ್ಲಾರಿಡಾದಿಂದ ಬಂದ ಜೆರೆಮಾಯಾ ಸ್ಮಿತ್ ಇದ್ದ. ಮೊದಲ ವರ್ಷದಲ್ಲೇ 76 ಚೆಂಡು, 1,315 ಗಜ. ನೋಟರ್ ಡೇಮ್ ಎದುರಿನ ಫೈನಲ್‌ನಲ್ಲಿ ಮುನ್ನಡೆ ಕರಗಿ 31–23ಕ್ಕೆ ಬಂದು, ಎಲ್ಲರ ಜೀವ ಬಾಯಿಗೆ ಬಂದಿದ್ದಾಗ, ಅವನು 56 ಗಜದ ಚೆಂಡು ಹಿಡಿದು ಪಂದ್ಯವನ್ನು ಮುಗಿಸಿಕೊಟ್ಟ. ಆದರೆ ಆ ಚೆಂಡು ಬಂದ ದಾರಿ ನೋಡಿ. ಎಸೆದವನು ಐದನೇ ವರ್ಷದ ವಿಲ್ ಹೋವರ್ಡ್. ಸ್ಮಿತ್‌ನ ಮೇಲೆ ಇದ್ದದ್ದು ಒಬ್ಬನೇ ಕಾವಲು; ಎಗ್ಬುಕಾ, ಹೆಂಡರ್ಸನ್ ಇರುವ ತಂಡದ ಎದುರು ಒಬ್ಬನ ಮೇಲೆ ಇಬ್ಬರನ್ನು ಬಿಡುವುದು ಯಾರಿಗೂ ಸುಲಭವಲ್ಲ. ಹೊಸ ಹುಡುಗ ಎಷ್ಟೇ ಪ್ರತಿಭಾವಂತನಾದರೂ, ಅವನು ಮಿಂಚಲು ಜಾಗ ಮಾಡಿಕೊಡುವವರು ಹಿರಿಯರು.

ಹಿರಿಯರ ಆಸರೆ ಸಾಲದಿದ್ದಾಗ ಏನಾಗುತ್ತದೆ ಎನ್ನಲು ಟೆಕ್ಸಾಸ್ ಎ ಅಂಡ್ ಎಂ ಕಾಲೇಜಿನ ಉದಾಹರಣೆ ಇದೆ. 2022ರಲ್ಲಿ ಅವರು ಸೇರಿಸಿಕೊಂಡ ಬ್ಯಾಚ್ ಅಂಕದ ಲೆಕ್ಕದಲ್ಲಿ ಅದುವರೆಗಿನ ಎಲ್ಲವನ್ನೂ ಮೀರಿಸಿತ್ತು. ಆ ಋತುವಿನಲ್ಲಿ ತಂಡ ಗೆದ್ದದ್ದು ಐದು, ಸೋತದ್ದು ಏಳು. ಅಪಲಾಚಿಯನ್ ಸ್ಟೇಟ್ ಎಂಬ ಚಿಕ್ಕ ತಂಡ ಅವರದೇ ಮೈದಾನಕ್ಕೆ ಬಂದು 17–14ರಿಂದ ಸೋಲಿಸಿ ಹೋಯಿತು. 2023ರ ನವೆಂಬರಿನಲ್ಲಿ ಕೋಚ್ ಜಿಂಬೊ ಫಿಶರ್ ಅವರನ್ನು ತೆಗೆದರು. ಕರಾರಿನ ಪ್ರಕಾರ ಅವರಿಗೆ ಸಲ್ಲಬೇಕಾದದ್ದು ಏಳೂವರೆ ಕೋಟಿ ಡಾಲರಿಗೂ ಹೆಚ್ಚು. ಆ ಬ್ಯಾಚಿನ ಹುಡುಗರಲ್ಲಿ ಬಹಳಷ್ಟು ಮಂದಿ ಬೇರೆ ಬೇರೆ ಕಾಲೇಜಿಗೆ ಚದುರಿದರು.

ಇಲ್ಲಿಗೆ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಹುಡುಗರು ಕಾಲೇಜಿನಿಂದ ಕಾಲೇಜಿಗೆ ಹಾರುತ್ತಾರೆ, ನಿಷ್ಠೆ ಎಂಬುದೇ ಇಲ್ಲ ಎಂದು ಇಲ್ಲಿನ ಹಿರಿಯ ಅಭಿಮಾನಿಗಳು ಬೈಯುತ್ತಾರೆ. 2021ರಿಂದ ಕಾಲೇಜು ಬದಲಿಸಿದವನು ಒಂದು ವರ್ಷ ಆಡದೆ ಕೂರಬೇಕಾಗಿಲ್ಲ. ಅದೇ ವರ್ಷ ಜಾಹೀರಾತಿನ ದುಡ್ಡಿಗೂ ಒಪ್ಪಿಗೆ ಸಿಕ್ಕಿತು. ಆದರೆ ಅದೇ 2021ರ ನವೆಂಬರಿನಲ್ಲಿ ಕೋಚ್ ಲಿಂಕನ್ ರೈಲಿ ಒಕ್ಲಹೋಮಾ ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಹೋದರು. ಬೆನ್ನಿಗೇ ಇನ್ನೊಬ್ಬ ಕೋಚ್ ಬ್ರಯಾನ್ ಕೆಲಿ ನೋಟರ್ ಡೇಮ್ ಬಿಟ್ಟು ಲೂಯಿಸಿಯಾನಾಕ್ಕೆ ಹೋದರು. ನೋಟರ್ ಡೇಮ್ ತಂಡಕ್ಕೆ ರಾಷ್ಟ್ರೀಯ ಚಾಂಪಿಯನ್ ಪಟ್ಟದ ಪ್ಲೇಆಫ್ ಆಸೆ ಇನ್ನೂ ಇತ್ತು. ಹುಡುಗರಿಗೆ ಹೇಳುವ ನಿಷ್ಠೆಯ ಮಾತನ್ನು ಅವರಿಗೆ ಯಾರು ಹೇಳಿದರು?

ನನ್ನ ಕ್ಲಾಸಿನಲ್ಲಿ ಒಬ್ಬ ಇದ್ದ. ಮೂರು ನಕ್ಷತ್ರದವನು, ಮುಂಚೂಣಿಯ ಆಟಗಾರ. ಡೆಸ್ಕಿನೊಳಗೆ ಮೊಣಕಾಲು ಹಿಡಿಸದೆ ಯಾವಾಗಲೂ ಪಕ್ಕಕ್ಕೆ ತಿರುಗಿ ಕೂರುತ್ತಿದ್ದ. ಶಾಲೆಯ ಲೈಬ್ರರಿಯಲ್ಲಿ ಸಹಿ ಹಾಕಿದ ದಿನ ಅವನ ಅಜ್ಜಿ ಕಾಲೇಜಿನ ಬಣ್ಣದ್ದೇ ಸ್ವೆಟರ್ ಹಾಕಿಕೊಂಡು ಬಂದಿದ್ದರು. ಮೊದಲ ವರ್ಷ ಆಡಿಸಲಿಲ್ಲ. ಅದು ಸರಿಯಾದದ್ದೇ, ನಾಲ್ಕು ಪಂದ್ಯಕ್ಕಿಂತ ಹೆಚ್ಚು ಆಡದಿದ್ದರೆ ಆ ವರ್ಷ ಅವನ ಆಟದ ವರ್ಷಗಳ ಲೆಕ್ಕಕ್ಕೆ ಸೇರುತ್ತಿರಲಿಲ್ಲ, ಮೈ ಬಲಿಯಲು ಸಮಯ ಸಿಗುತ್ತಿತ್ತು. ಅಷ್ಟರಲ್ಲಿ ಅವನನ್ನು ಕರೆತಂದ ಕೋಚ್ ದೊಡ್ಡ ಕಾಲೇಜಿಗೆ ಹೋದರು. ಹೊಸಬರು ಬಂದು, ನಿನಗೆ ಇಲ್ಲಿ ಜಾಗವಿಲ್ಲ, ಬೇರೆ ಕಡೆ ನೋಡಿಕೋ ಎಂದರು. ಎರಡನೇ ಕಾಲೇಜು ಅವನ ಕೆಲವು ವಿಷಯಗಳ ಅಂಕವನ್ನು ಒಪ್ಪಲಿಲ್ಲ. ಹಳೆಯ ಪಾಠ ಬೇಕೆಂದು ನನ್ನ ಹತ್ತಿರ ಬಂದು, ಕಲನಶಾಸ್ತ್ರವನ್ನು ಎರಡನೇ ಸಲ ಓದಿದ. ಅವನ ಹೆಸರಿನ ಮುಂದೆ ಹಾರಿದವನು ಎಂದು ಬರೆಯುವುದು ಅನ್ಯಾಯ.

2025ರ ಜೂನಿನಲ್ಲಿ ಕೋರ್ಟು ಒಪ್ಪಿದ ಇತ್ಯರ್ಥದ ಪ್ರಕಾರ, ಕಾಲೇಜುಗಳೇ ಈಗ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷಕ್ಕೆ ಒಂದೊಂದು ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್ ಮಿತಿ. ಒಳ್ಳೆಯದೇ ಆಯಿತು. ಆದರೆ ಆ ದುಡ್ಡನ್ನು ಸಹಿ ಹಾಕುವ ದಿನದ ಹೆಸರಿಗೆ ಸುರಿದರೆ, ಇನ್ನಷ್ಟು ಬ್ಯಾಚುಗಳು ಎ ಅಂಡ್ ಎಂನ 2022ರ ಬ್ಯಾಚಿನ ಹಾಗೆ ಚದುರುತ್ತವೆ. ಹುಡುಗನೊಂದಿಗೆ ನಾಲ್ಕು ವರ್ಷದ ಕರಾರು ಮಾಡಿಕೊಳ್ಳಲಿ. ಮೊದಲ ವರ್ಷಕ್ಕೆ ಕಡಿಮೆ, ವರ್ಷವರ್ಷಕ್ಕೆ ಹೆಚ್ಚು ಕೊಡಲಿ. ಗಾಯವಾದರೂ, ಕೋಚ್ ಬದಲಾದರೂ ವಿದ್ಯಾರ್ಥಿವೇತನ ನಿಲ್ಲಬಾರದು. ಕರೆತಂದ ಕೋಚ್ ನಡುವೆ ಬಿಟ್ಟುಹೋದರೆ, ಆ ವರ್ಷ ಹುಡುಗನೂ ಏನನ್ನೂ ಕಳೆದುಕೊಳ್ಳದೆ ಹೋಗುವಂತಿರಬೇಕು. ಕೋಚ್ ಉಳಿದರೆ ಹುಡುಗನೂ ಮಾತಿಗೆ ನಿಲ್ಲಬೇಕು. ಕೋಚ್‌ಗಳ ಕರಾರಿನ ಒಂದೊಂದು ಸಾಲನ್ನೂ ವಕೀಲರು ಕೂತು ಬರೆಯುತ್ತಾರೆ. ಹದಿನೆಂಟು ತುಂಬಿದ ಹುಡುಗನ ಕರಾರಿಗೂ ಅಷ್ಟೇ ಜಾಗರೂಕತೆಯ ಕಣ್ಣು ಬೇಕು. ಅದನ್ನು ಓದಿ ಹೇಳಲು ಅವನ ಪರವಾಗಿ ಒಬ್ಬ ವಕೀಲನಿರಬೇಕು. ಆ ಖರ್ಚನ್ನು ಕಾಲೇಜೇ ಕೊಡಬೇಕು.