ಭಂಗಾರವೂ ಬಂಗಾರವೇ, ಆದರೆ...

ನಮ್ಮ ಕಬ್ಬೂರ, ಚಿಕ್ಕೋಡಿ ಕಡೆ ಗುಜರಿ ಅನ್ನೋ ಮಾತು ಕಡಿಮೆ. ಪಕ್ಕದಲ್ಲೇ ಮರಾಠಿ ಇದೆಯಲ್ಲ, ಹಳೇ ಕಬ್ಬಿಣಕ್ಕೆ ನಾವು 'ಭಂಗಾರ' ಅಂತೀವಿ. ಮಹಾಪ್ರಾಣ ಒಂದು ಬಿದ್ದರೆ ಅದೇ ಬಂಗಾರ! :-) ಇದನ್ನು ನಾವು ತಮಾಷೆಗೆ ಹೇಳ್ತಿದ್ವಿ. ಈಗ ಪೇಟೆಯವರು ಅದನ್ನು ನಿಜ ಮಾಡಿಬಿಟ್ಟಿದ್ದಾರೆ.

ಹಳೇ ಯಂತ್ರಗಳ ಬಿಡಿಭಾಗಗಳಿಂದ ಮನೆ ಅಲಂಕಾರ ಮಾಡೋ ಫ್ಯಾಷನ್ ಬಗ್ಗೆ ಹೇಳ್ತಿದ್ದೀನಿ. ಹಲ್ಲಿನ ಚಕ್ರಕ್ಕೆ ಬಲ್ಬ್ ಹಾಕಿದರೆ ಟೇಬಲ್ ಲ್ಯಾಂಪ್. ಹೊಲಿಗೆ ಯಂತ್ರದ ಕಾಲಿನ ಮೇಲೆ ಹಲಗೆ ಇಟ್ಟರೆ ಡೈನಿಂಗ್ ಟೇಬಲ್. ಗುಜರಾತಿನ ಅಲಂಗದಲ್ಲಿ ಹಡಗು ಒಡೆಯುವವರ ಹತ್ತಿರ ಸಿಗುವ ಹಿತ್ತಾಳೆ ದೀಪಗಳು ಬೆಂಗಳೂರಿನ ಹೋಟೆಲುಗಳಲ್ಲಿ ತೂಗುತ್ತವೆ. ಜೋಧಪುರದಲ್ಲಂತೂ ಇಂಥ ಪೀಠೋಪಕರಣ ಮಾಡಿ ಹೊರದೇಶಕ್ಕೆ ಕಳಿಸೋದೇ ದೊಡ್ಡ ಉದ್ಯಮ.

ಇದನ್ನು ಬೈಯೋಕೆ ನಾನು ಬರೀತಿಲ್ಲ. ದೀಪ ಆಗದಿದ್ದರೆ ಆ ಚಕ್ರ ಏನಾಗ್ತಿತ್ತು? ಕಿಲೋ ಲೆಕ್ಕದಲ್ಲಿ ತೂಗಿ, ಲಾರಿ ಹತ್ತಿಸಿ, ಕೊಲ್ಹಾಪುರದ್ದೋ ಬೆಳಗಾವಿಯದ್ದೋ ಫೌಂಡ್ರಿಯ ಭಟ್ಟಿಗೆ ಹೋಗ್ತಿತ್ತು. ಕರಗಿ ಹೋಗೋದಕ್ಕಿಂತ ಯಾರದ್ದೋ ಮನೆಯಲ್ಲಿ ಬೆಳಕು ಕೊಡೋದು ವಾಸಿ. ಅದರಲ್ಲಿ ಎರಡು ಮಾತಿಲ್ಲ.

ನನ್ನ ತಕರಾರು ಬೇರೆ. ಯಾವುದನ್ನು ಒಡೀಬೇಕು, ಯಾವುದನ್ನು ಒಡೀಬಾರದು ಅನ್ನೋ ವಿಚಾರವೇ ಇಲ್ಲದೆ ಎಲ್ಲಾ ಒಂದೇ ತಕ್ಕಡಿಗೆ ಬೀಳ್ತಿದೆ.

ನಮ್ಮ ಭಾಗದ ಹಳೇ ಕಬ್ಬಿಣ ಅಂದರೆ ಸುಮ್ಮನೆ ಅಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ನಮ್ಮದೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು, ಮೇವು ಕತ್ತರಿಸೋ ಯಂತ್ರ, ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಆಮೇಲೆ ಡೀಸೆಲ್ ಇಂಜಿನ್ ಬಂತು. ಬಾವಿಯ ನೀರೆತ್ತಲು, ಹಿಟ್ಟಿನ ಗಿರಣಿ ತಿರುಗಿಸಲು, ಕಬ್ಬಿನ ಗಾಣ ಓಡಿಸಲು ಅದೇ ಬೇಕಿತ್ತು. ಅದಕ್ಕೆ ಅಂಟಿದ ದೊಡ್ಡ ಚಕ್ರ ಚೆಂದಕ್ಕೆ ಇಟ್ಟದ್ದಲ್ಲ. ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಎರಡು ಸುತ್ತಿಗೆ ಒಂದೇ ಸಲ ಶಕ್ತಿ ಹುಟ್ಟುತ್ತೆ. ಉಳಿದ ಹೊತ್ತು ಇಂಜಿನ್ ನಿಲ್ಲದಂತೆ ಎಳೆದುಕೊಂಡು ಹೋಗೋದು ಆ ಚಕ್ರದ ಭಾರ. ಇಷ್ಟು ಗೊತ್ತಿದ್ದವನಿಗೆ ಗೋಡೆಗೆ ನೇತುಹಾಕಿದ ಚಕ್ರದ ಬೆಲೆಯೇ ಬೇರೆ.

ಮೂರು ಉರುಳಿನ ಗಾಣವೂ ಹಾಗೇ. ಮೊದಲು ಎತ್ತು, ಆಮೇಲೆ ಇಂಜಿನ್, ಆಮೇಲೆ ಕರೆಂಟಿನ ಮೋಟರು. ಈಗ ನಮ್ಮ ಕಬ್ಬೆಲ್ಲ ಬಹುಪಾಲು ಸಕ್ಕರೆ ಕಾರ್ಖಾನೆಗೇ ಹೋಗುತ್ತೆ. ಗಾಣ ಬಿದ್ದಲ್ಲೇ ಬಿದ್ದಿದೆ, ಬೆಲ್ಲದ ಕೊಪ್ಪರಿಗೆ ದನಕ್ಕೆ ನೀರು ಕುಡಿಸೋ ತೊಟ್ಟಿ ಆಗಿದೆ. (ಅಂದಹಾಗೆ ಇದೂ ಮರುಬಳಕೆಯೇ! ಯಾರೂ ಫೋಟೋ ಹಾಕಲ್ಲ ಅಷ್ಟೇ.)

ಹಾಗಾಗಿ ನಾನು ಹೇಳೋದು ಮೂರು ಮಾತು.

ಒಂದು, ಓಡೋದನ್ನು ಒಡೀಬೇಡಿ. ಕಾಲಲ್ಲಿ ತುಳಿಯೋ ಹೊಲಿಗೆ ಯಂತ್ರ ಕರೆಂಟು ಹೋದರೂ ಹೊಲಿಯುತ್ತೆ. ಎಣ್ಣೆ ಬಿಟ್ಟು ಬೆಲ್ಟ್ ಬದಲಿಸಿದರೆ ಹಳ್ಳಿಯ ಒಬ್ಬ ಹೆಣ್ಣುಮಗಳ ಸಂಸಾರ ನಡೆಸಬಲ್ಲ ವಸ್ತು ಅದು. ಅದರ ತಲೆ ಕಿತ್ತೆಸೆದು ಕಾಲಷ್ಟೇ ಇಟ್ಟುಕೊಂಡು ಮೇಲೆ ಕಾಫಿ ಕಪ್ ಇಡೋದು ನನಗೆ ಚೆಂದ ಕಾಣಲ್ಲ.

ಎರಡು, ಪೂರ್ತಿ ಇರೋದನ್ನು ಪೂರ್ತಿಯಾಗೇ ಉಳಿಸಿ. ಓಡದಿದ್ದರೂ ಅಂಗ ಊನ ಆಗದ ಒಂದು ಗಾಣ, ಒಂದು ಇಂಜಿನ್ ಊರ ಶಾಲೆಯ ಅಂಗಳದಲ್ಲಿ ನಿಲ್ಲಲಿ. ಗೋಕಾಕ ಫಾಲ್ಸಿಗೆ ಪ್ರವಾಸ ಹೋಗೋ ಮಕ್ಕಳಿಗೆ ನೀರು, ತೂಗುಸೇತುವೆ ತೋರಿಸ್ತೀವಿ. ಅಲ್ಲೇ 1885ರಲ್ಲಿ ಶುರುವಾದ ಕಂಪನಿ ಅದೇ ನೀರಿನ ಬಲದ ಮೇಲೆ ಮಿಲ್ಲು ಕಟ್ಟಿತು ಅಂತ ಹೇಳೋರು ಎಷ್ಟು ಜನ? ಯಂತ್ರ ಕಣ್ಣೆದುರು ಇದ್ದರೆ ಮಗು ತಾನಾಗೇ ಕೇಳುತ್ತೆ, ಇದು ಹೆಂಗ ತಿರಗತೈತ್ರೀ ಸರ್ ಅಂತ.

ಮೂರು, ಮುರಿದದ್ದು, ಬಿಡಿಯಾಗಿ ಬಿದ್ದದ್ದು ಖಂಡಿತ ದೀಪ ಆಗಲಿ. ಆದರೆ ನಮ್ಮ ಊರಲ್ಲೇ ಆಗಲಿ. ರೈತನಿಗೆ ಸಿಗೋದು ಕಿಲೋ ರೇಟು. ಅದೇ ಚಕ್ರ ಅಂಗಡಿಯಲ್ಲಿ ದೀಪವಾಗಿ ಸಾವಿರಗಟ್ಟಲೆ ಬಾಳುತ್ತೆ. ನಡುವಿನ ಕೆಲಸ ಏನು? ತುಕ್ಕು ತೆಗೆಯೋದು, ತೂತು ಕೊರೆಯೋದು, ವೈರು ಎಳೆಯೋದು. ನಮ್ಮ ವೆಲ್ಡಿಂಗ್ ಅಂಗಡಿ ಹುಡುಗರಿಗೆ ಬಾರದ ವಿದ್ಯೆಯೇ ಇದು?

ಮಾಡೋರಿಗೆ ಮೂರು ಎಚ್ಚರಿಕೆ. ಬೀಡು ಕಬ್ಬಿಣ ಪೆಡಸು, ಸಾದಾ ರಾಡ್ ಹಾಕಿ ವೆಲ್ಡ್ ಮಾಡಿದರೆ ಪಕ್ಕದಲ್ಲೇ ಬಿರುಕು ಬಿಡುತ್ತೆ. ನಿಕಲ್ ರಾಡ್ ಬೇಕು, ಇಲ್ಲವೇ ಬೋಲ್ಟು ಹಾಕಿ ಸುಮ್ಮನಿರಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು. ಮನೆ ಬಣ್ಣದಲ್ಲಿ ಸೀಸಕ್ಕೆ ನಮ್ಮಲ್ಲಿ ಕಡಿವಾಣ ಬಿದ್ದದ್ದೇ 2017ರಲ್ಲಿ. ಒಣಗಿದ್ದನ್ನು ಉಜ್ಜಿ ಧೂಳು ಎಬ್ಬಿಸಬೇಡಿ, ಒದ್ದೆ ಮಾಡಿ ಉಜ್ಜಿ, ಮಕ್ಕಳನ್ನು ದೂರ ಇಡಿ. ಇನ್ನು ವೈರಿಂಗು: ಕಬ್ಬಿಣದ ತೂತಿನ ಅಂಚು ವೈರನ್ನು ಕೊಯ್ಯುತ್ತೆ. ರಬ್ಬರ್ ಬುಶ್ ಹಾಕಿ, ಮೂರು ಎಳೆಯ ವೈರೇ ಬಳಸಿ, ಮೈಗೆ ಅರ್ಥಿಂಗ್ ಕೊಡಿ. ಇಡೀ ದೀಪವೇ ಕಬ್ಬಿಣ ಅನ್ನೋದು ಮರೀಬೇಡಿ.

ಮತ್ತೊಂದು ಸಣ್ಣ ಕೆಲಸ. ದೀಪದ ಬುಡಕ್ಕೆ ಒಂದು ತಗಡಿನ ಚೂರು ಹೊಡೆದು ಬರೀರಿ: ಇದು ಯಾವ ಯಂತ್ರದ ಚಕ್ರ, ಯಾವ ಊರಿನದು, ಏನು ಕೆಲಸ ಮಾಡ್ತಿತ್ತು. ಎರಕದ ಮೇಲೆ ಕಂಪನಿ ಹೆಸರು ಇದ್ದರೆ ಅದನ್ನು ಉಜ್ಜಿ ಅಳಿಸಬೇಡಿ. ದುಡಿದ ವಸ್ತುವಿಗೆ ಹೆಸರಾದರೂ ಉಳೀಲಿ. ಹೆಸರೂ ಇಲ್ಲ, ಊರೂ ಇಲ್ಲ ಅಂದರೆ ಅದು ಬರೀ ಶೋಕಿ.

ನಿಮ್ಮೂರ ಹಿತ್ತಿಲಲ್ಲಿ, ಹಳೇ ಗಿರಣಿಯಲ್ಲಿ ಏನೇನು ಬಿದ್ದಿದೆ? ಅದರ ಭಾಗಗಳಿಗೆ ನಿಮ್ಮ ಕಡೆ ಏನಂತ ಹೆಸರು? ಮುಂದಿನ ಸಲ ಊರಿಗೆ ಹೋದಾಗ ಹಿರಿಯರನ್ನು ಕೇಳಿ ಬರೀರಿ. ತಕ್ಕಡಿಯವನು ಬರೋದಕ್ಕೆ ಮುಂಚೆ!