ಹವ್ಯಾಸಿ ರಾಕೆಟ್ಟಿಗೆ ದೂರದ ಸ್ವಿಚ್ಚು ಸಾಕೇ?

ಕನಕಗಿರಿಯ ಸುತ್ತಣ ಹಳ್ಳಿಗಳಲ್ಲಿ, ಹಾಗೆಯೇ ಕುಷ್ಟಗಿ ಯಲಬುರ್ಗಾಗಳ ಕೊಳವೆಬಾವಿಯ ಹೊಲಗಳಲ್ಲಿ, ಪಂಪನ್ನು ಚಾಲೂ ಮಾಡಲು ರೈತನು ಈಗ ಕತ್ತಲಲ್ಲಿ ಹೊಲಕ್ಕೆ ಹೋಗಲೇಬೇಕೆಂದಿಲ್ಲ. ಪಂಪಿನ ಪೆಟ್ಟಿಗೆಗೆ ಸಿಮ್ ಕಾರ್ಡು ಹಾಕಿದ ಮೊಬೈಲ್ ಸ್ಟಾರ್ಟರನ್ನು ಜೋಡಿಸಿದ್ದರೆ, ಮನೆಯ ಕಟ್ಟೆಯ ಮೇಲೆ ಕುಳಿತೇ ಮೋಟಾರನ್ನು ಓಡಿಸಬಹುದು, ನಿಲ್ಲಿಸಬಹುದು. ಹಾವು ಚೇಳುಗಳ ಭಯವಿಲ್ಲ. ಆದರೆ ಅದೇ ಮೋಟಾರು ಕೆಟ್ಟು ಅದರ ವೈರುಗಳನ್ನು ಬಿಚ್ಚಬೇಕಾಗಿ ಬಂದಾಗ, ತಿಳಿದ ರೈತನು ಮೊಬೈಲಿನಿಂದ ಬಂದ್ ಮಾಡಿದಷ್ಟಕ್ಕೇ ತೃಪ್ತನಾಗುವುದಿಲ್ಲ. ಫ್ಯೂಸನ್ನು ಕಿತ್ತು ಜೇಬಿನಲ್ಲಿಟ್ಟುಕೊಂಡ ಬಳಿಕವೇ ವೈರಿಗೆ ಕೈ ಹಚ್ಚುತ್ತಾನೆ. ಈ ಎರಡು ಕ್ರಿಯೆಗಳ ನಡುವಣ ಭೇದವನ್ನು ರಾಕೆಟ್ಟಿನ ವಿಷಯದಲ್ಲಿ ಸ್ವಲ್ಪ ವಿಚಾರಿಸಬೇಕೆಂದು ನನ್ನ ಉದ್ದೇಶ.

ರಾಕೆಟ್ಟು ಕನ್ನಡನಾಡಿಗೆ ಹೊಸದಲ್ಲ. ಹೈದರ್ ಮತ್ತು ಟಿಪ್ಪುವಿನ ಕಾಲದ ಕಬ್ಬಿಣದ ಕೊಳವೆಯ ರಾಕೆಟ್ಟುಗಳು ಶಿವಮೊಗ್ಗ ಜಿಲ್ಲೆಯ ನಗರದ ಪಾಳುಬಾವಿಯೊಂದರಲ್ಲಿ 2018ರಲ್ಲಿ ಸಾವಿರಕ್ಕೂ ಮಿಕ್ಕಿ ದೊರೆತವು. 1786ರಲ್ಲಿ ಇದೇ ಟಿಪ್ಪು ಕೊಪ್ಪಳದ ಕೋಟೆಯನ್ನು ವಶಪಡಿಸಿಕೊಂಡು ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಬಲಪಡಿಸಿದನೆಂಬುದನ್ನು ಈ ಸೀಮೆಯ ವಿದ್ಯಾರ್ಥಿಗಳು ಬಲ್ಲರು. ಆ ರಾಕೆಟ್ಟಿಗೆ ಕಿಡಿ ಹಚ್ಚುತ್ತಿದ್ದುದು ಬತ್ತಿಯಿಂದ. ಹಚ್ಚುವವನಿಗೂ ಮದ್ದಿಗೂ ಇದ್ದ ಅಂತರವು ಆ ಬತ್ತಿಯ ಉದ್ದದಷ್ಟೇ.

ಇಂದು ಕಾಲೇಜು ವಿದ್ಯಾರ್ಥಿಗಳೇ ರಾಕೆಟ್ಟು ಕಟ್ಟುತ್ತಿದ್ದಾರೆ. ಮಣಿಪಾಲದ ಎಂ.ಐ.ಟಿ.ಯ ‘ಥ್ರಸ್ಟ್‌ಎಂಐಟಿ’ ತಂಡವು ನ್ಯೂ ಮೆಕ್ಸಿಕೋದಲ್ಲಿ ನಡೆದ ಸ್ಪೇಸ್‌ಪೋರ್ಟ್ ಅಮೆರಿಕ ಕಪ್ ಸ್ಪರ್ಧೆಯಲ್ಲಿ ಭಾಗವಹಿಸಿದೆ. ಆ ಸ್ಪರ್ಧೆಯಲ್ಲಿ ಏರಬೇಕಾಗಿದ್ದ ಎತ್ತರ 10,000 ಅಡಿ, ಇಲ್ಲವೆ 30,000 ಅಡಿ. ಇಂಥ ರಾಕೆಟ್ಟಿನಲ್ಲಿ ಕಿಡಿ ಹುಟ್ಟುವ ಸ್ಥಳ ಒಂದೇ ಅಲ್ಲ. ಕೆಳಗಿನ ಎಂಜಿನ್ನಿಗೆ ಕಿಡಿ ಕೊಡುವುದು ಉದ್ದನೆಯ ತಂತಿಯ ಮೂಲಕ, ಎಲ್ಲರೂ ದೂರ ಸರಿದ ಮೇಲೆ. ಅಲ್ಲಿ ಚರ್ಚೆಗೆ ಎಡೆಯಿಲ್ಲ. ಚರ್ಚೆಯಿರುವುದು ರಾಕೆಟ್ಟಿನ ಹೊಟ್ಟೆಯೊಳಗಿನ ವಿದ್ಯುನ್ಮಾನ ಪೆಟ್ಟಿಗೆಯ ವಿಷಯದಲ್ಲಿ.

ಆ ಪೆಟ್ಟಿಗೆಯೊಳಗಿನ ಎತ್ತರಮಾಪಕವು ವಾಯುವಿನ ಒತ್ತಡವನ್ನು ಅಳೆಯುತ್ತದೆ. ನೆಲದ ಸಮೀಪದಲ್ಲಿ ಸುಮಾರು 8 ಮೀಟರು ಮೇಲೇರಿದರೆ ಒತ್ತಡವು 1 ಮಿಲಿಬಾರಿನಷ್ಟು ಇಳಿಯುತ್ತದೆ. ಇಳಿಯುತ್ತಿದ್ದ ಒತ್ತಡವು ಮತ್ತೆ ಏರತೊಡಗಿದೊಡನೆ ರಾಕೆಟ್ಟು ತನ್ನ ಶಿಖರವನ್ನು ಮುಟ್ಟಿತೆಂದು ಯಂತ್ರವು ತಿಳಿದು, ಸಣ್ಣ ಮದ್ದಿನ ಪೊಟ್ಟಣಕ್ಕೆ ಕಿಡಿ ಕೊಟ್ಟು ಪ್ಯಾರಾಷೂಟನ್ನು ಹೊರದೂಡುತ್ತದೆ. ಆ ಪೊಟ್ಟಣದಲ್ಲಿ ಹುದುಗಿದ ವಿದ್ಯುತ್ ಕಡ್ಡಿಗೆ ಸುಮಾರು 1 ಆಂಪಿಯರ್ ವಿದ್ಯುತ್ತು ಕ್ಷಣಮಾತ್ರ ಹರಿದರೂ ಸಾಕು. ತೊಡಕೆಂದರೆ, ಗಾಳಿಯ ಸೆಳವು, ಕೊಳವೆಯ ಭಾಗಗಳನ್ನು ಒತ್ತಿ ಕೂಡಿಸುವಾಗಿನ ಒತ್ತಡ, ಇವುಗಳೂ ಯಂತ್ರಕ್ಕೆ ಹಾರಾಟದ ಭ್ರಮೆಯನ್ನು ಹುಟ್ಟಿಸಬಲ್ಲವು. ಆದಕಾರಣ ರಾಕೆಟ್ಟನ್ನು ನೆಟ್ಟಗೆ ನಿಲ್ಲಿಸುವವರೆಗೆ ಯಂತ್ರಕ್ಕೆ ಬ್ಯಾಟರಿಯನ್ನು ಕೂಡಿಸಬಾರದು. ನಿಲ್ಲಿಸಿದ ಮೇಲೆ ಯಾರಾದರೊಬ್ಬರು ಏಣಿ ಹತ್ತಿ, ಕೊಳವೆಯ ಸಣ್ಣ ರಂಧ್ರದಲ್ಲಿ ಸ್ಕ್ರೂಡ್ರೈವರ್ ತೂರಿಸಿ ಸ್ವಿಚ್ಚನ್ನು ತಿರುಗಿಸಬೇಕು. ಆ ಗಳಿಗೆಯಲ್ಲಿ ಅವರ ಮುಖವು ಮದ್ದಿನಿಂದ ಒಂದು ಮೊಳ ದೂರದಲ್ಲಿರುತ್ತದೆ.

ಈ ಏಣಿಯನ್ನು ತಪ್ಪಿಸಲೆಂದೇ ದೂರದ ಸ್ವಿಚ್ಚು ಹುಟ್ಟಿತು. ಬ್ಲೂಟೂತ್, ವೈಫೈ ಇಲ್ಲವೆ ಬೇರೆ ರೇಡಿಯೋ ಅಲೆಯ ಮೂಲಕ ಫೋನಿನಿಂದಲೇ ಪೆಟ್ಟಿಗೆಯನ್ನು ಎಚ್ಚರಗೊಳಿಸಬಹುದು. ಇದು ಒಳ್ಳೆಯ ಉಪಾಯವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಸಂದೇಹವಿರುವುದು, ಇದೊಂದೇ ಸಾಕು, ಬೇರೆ ಸ್ವಿಚ್ಚು ಅನಾವಶ್ಯಕ ಎಂಬ ಮಾತಿನಲ್ಲಿ.

ವಿಜ್ಞಾನ ಪ್ರದರ್ಶನವೊಂದರಲ್ಲಿ ಇಂಥ ಸ್ವಿಚ್ಚನ್ನು ತಾನೇ ಕಟ್ಟಿದ್ದ ಜಾಣ ಹುಡುಗನೊಬ್ಬನನ್ನು ಕೇಳಿದೆ: “ಇದು ಈಗ ಬಂದ್ ಆಗಿದೆಯೆಂದು ನಿನಗೆ ಹೇಗೆ ಗೊತ್ತು?” ಅವನು ಫೋನಿನ ಪರದೆಯನ್ನು ತೋರಿಸಿದನು. “ಫೋನಿನ ಬ್ಯಾಟರಿ ತೀರಿದರೆ?” ಎಂದೆ. ಹುಡುಗನು ನಕ್ಕು ಸುಮ್ಮನಾದನು. ಪರದೆಯು ಹೇಳಿದ್ದು ಪೆಟ್ಟಿಗೆಯು ಕೊನೆಯ ಸಲ ಕಳುಹಿಸಿದ ವಾರ್ತೆಯನ್ನು ಮಾತ್ರ. ತಂತಿಯಲ್ಲಿ ವಿದ್ಯುತ್ತು ಇದೆಯೋ ಇಲ್ಲವೋ ಎಂಬುದನ್ನಲ್ಲ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ರೇಡಿಯೋ ಆಜ್ಞೆಯನ್ನು ಆಲಿಸುತ್ತಿರಬೇಕಾದರೆ ಪೆಟ್ಟಿಗೆಯ ಒಂದು ಭಾಗವಾದರೂ ಬ್ಯಾಟರಿಗೆ ಅಂಟಿಕೊಂಡು ಎಚ್ಚರದಿಂದಿರಲೇಬೇಕು. ಆಜ್ಞೆ ಬಂದಾಗ ವಿದ್ಯುತ್ತಿಗೆ ದಾರಿ ಬಿಡುವುದು ಸಾಮಾನ್ಯವಾಗಿ ‘ಮಾಸ್‌ಫೆಟ್’ ಎಂಬ ಟ್ರಾನ್ಸಿಸ್ಟರು. ಅದರೊಳಗೆ ಬಾಯಿ ತೆರೆದು ಬೇರ್ಪಡುವ ಲೋಹದ ತುಂಡುಗಳಿಲ್ಲ. ಇರುವುದು ಸಿಲಿಕಾನಿನ ಹರಳು. ಅದು ಸುಟ್ಟುಹೋದಾಗ ಅನೇಕ ವೇಳೆ ದಾರಿಯನ್ನು ಮುಚ್ಚುವುದಿಲ್ಲ, ತೆರೆದೇ ಬಿಡುತ್ತದೆ. ಎಂದರೆ ಸ್ವಿಚ್ಚು ಕೆಟ್ಟಿತೆಂದು ನಮಗೆ ತಿಳಿಯುವ ಮೊದಲೇ ಪೆಟ್ಟಿಗೆಯು ಜೀವಂತವಾಗಿರಬಹುದು. ಬರೆದ ಪ್ರೋಗ್ರಾಮಿನಲ್ಲಿ ಒಂದು ತಪ್ಪಿದ್ದರೂ ಇದೇ ಫಲ.

ಇದು ಬರಿಯ ಹೆದರಿಕೆಯಲ್ಲವೆಂಬುದಕ್ಕೆ 1967ರ ಜುಲೈ 29ರ ದುರಂತವನ್ನು ನೆನೆಯಬಹುದು. ಟೋಂಕಿನ್ ಕೊಲ್ಲಿಯಲ್ಲಿದ್ದ ಅಮೆರಿಕದ ವಿಮಾನವಾಹಕ ಹಡಗು ಫಾರೆಸ್ಟಲ್‌ನ ಮೇಲೆ ಫ್ಯಾಂಟಮ್ ವಿಮಾನವೊಂದರ ವಿದ್ಯುತ್ತನ್ನು ಹೊರಗಿನ ಮೂಲದಿಂದ ಒಳಗಿನ ಮೂಲಕ್ಕೆ ಬದಲಿಸುತ್ತಿದ್ದಾಗ ಒಂದು ವಿದ್ಯುತ್ತರಂಗವು ಚಿಮ್ಮಿತು; ರೆಕ್ಕೆಯ ಕೆಳಗಿದ್ದ ಜೂನಿ ರಾಕೆಟ್ಟು ತಾನಾಗಿಯೇ ಹಾರಿ ಎದುರಿನ ವಿಮಾನದ ಇಂಧನದ ತೊಟ್ಟಿಗೆ ಬಡಿಯಿತು. ಬೆಂಕಿಯಲ್ಲಿಯೂ ಸಿಡಿದ ಬಾಂಬುಗಳಿಂದಲೂ 134 ಮಂದಿ ಮಡಿದರು. ಆ ರಾಕೆಟ್ಟಿಗೆ ಎರಡು ರಕ್ಷೆಗಳಿದ್ದವು: ಒಂದು ಭದ್ರತಾ ಪಿನ್ನು, ಮತ್ತೊಂದು ಹಾರುವ ಗಳಿಗೆಯವರೆಗೂ ಜೋಡಿಸಬಾರದ ವಿದ್ಯುತ್ ತಂತಿ. ಸಮಯ ಉಳಿಸಲೆಂದು ತಂತಿಯನ್ನು ಮೊದಲೇ ಜೋಡಿಸುವ ರೂಢಿ ಬಂದಿತ್ತು. ಪಿನ್ನೂ ಅಂದು ಕಾಯಲಿಲ್ಲ. ಯಾರೂ ಆ ರಾಕೆಟ್ಟಿಗೆ ಆಜ್ಞೆ ಕೊಟ್ಟಿರಲಿಲ್ಲ. ತಂತಿಯು ಕೂಡಿದ್ದುದರಿಂದ, ಆಜ್ಞೆಯಿಲ್ಲದ ವಿದ್ಯುತ್ತಿಗೂ ದಾರಿ ಸಿಕ್ಕಿತು.

ಹಾಗಾದರೆ ಹಳೆಯ ಸ್ವಿಚ್ಚೇ ನಿರ್ದೋಷವೇ? ಅದೂ ಅಲ್ಲ. ರಾಕೆಟ್ಟು ನೆಗೆಯುವ ರಭಸಕ್ಕೆ ಅಗ್ಗದ ಸ್ವಿಚ್ಚಿನ ಲೋಹಪಟ್ಟಿ ಒಂದು ಕ್ಷಣ ಕದಲಿದರೆ ಎತ್ತರಮಾಪಕವು ನಿದ್ದೆಹೋಗಿ ಪ್ಯಾರಾಷೂಟು ಬಿಚ್ಚದೆ ರಾಕೆಟ್ಟು ಈಟಿಯಂತೆ ನೆಲಕ್ಕಿಳಿಯುತ್ತದೆ. ಟ್ರಾನ್ಸಿಸ್ಟರಿನ ಪಕ್ಷಪಾತಿಗಳು ಎತ್ತುವ ಈ ಆಕ್ಷೇಪವು ನ್ಯಾಯವಾದುದೇ. ಅದಕ್ಕೆ ಪರಿಹಾರ ಗಟ್ಟಿಯಾದ ಸ್ಕ್ರೂ ಸ್ವಿಚ್ಚು. ಸ್ವಿಚ್ಚನ್ನೇ ಬಿಟ್ಟುಬಿಡುವುದು ಪರಿಹಾರವಾಗದು.

ನನ್ನ ಅಭಿಪ್ರಾಯ ಇಷ್ಟು: ಎರಡೂ ಇರಲಿ, ಒಂದರ ಹಿಂದೆ ಒಂದು ಇರಲಿ. ಮದ್ದಿನ ತಂತಿಯನ್ನು ನಿಜವಾಗಿ ಕತ್ತರಿಸಿಟ್ಟಿರುವ, ಹೊರಗಿನಿಂದ ಕಣ್ಣಿಗೆ ಕಾಣುವ ಪಿನ್ನೊಂದು ರಾಕೆಟ್ಟು ನೆಟ್ಟಗೆ ನಿಲ್ಲುವವರೆಗೂ ಸ್ವಸ್ಥಾನದಲ್ಲಿರಲಿ. ಪಿನ್ನಿಗೆ ಕೆಂಪು ಬಟ್ಟೆಯ ಪಟ್ಟಿಯನ್ನು ಕಟ್ಟಿದರೆ ಇನ್ನೂ ಒಳ್ಳೆಯದು. ಪಿನ್ನನ್ನು ಕೀಳುವಾಗ ರೇಡಿಯೋ ಸ್ವಿಚ್ಚು ಬಂದ್ ಆಗಿರುವುದರಿಂದ ಏಣಿಯ ಮೇಲಿರುವವನಿಗೆ ಒಂದು ರಕ್ಷೆ ಉಳಿದೇ ಇರುತ್ತದೆ; ಉದ್ದನೆಯ ದಾರ ಕಟ್ಟಿ ಎಳೆದರಂತೂ ಏಣಿಯೂ ಬೇಡ. ಆಮೇಲೆ ಎಲ್ಲರೂ ದೂರ ಸರಿದು ಫೋನಿನಿಂದ ಎಬ್ಬಿಸಬಹುದು. ಹಾರಾಟ ರದ್ದಾಗಿ, ಫೋನು ಉತ್ತರ ಕೊಡದೆಹೋದರೂ ಪಿನ್ನನ್ನು ಮತ್ತೆ ತೂರಿಸಲು ಬರುವಂತಿರಬೇಕು. ಇದನ್ನು ಬಹುಮಂದಿ ಮರೆಯುತ್ತಾರೆ.

ಹೈಸ್ಕೂಲಿನವರು ಇದನ್ನೆಲ್ಲ ಮದ್ದಿಲ್ಲದೆಯೇ ಕಲಿಯಬಹುದು, ಕಲಿಯಲೇಬೇಕು. ಮದ್ದು 1884ರ ಸ್ಫೋಟಕಗಳ ಕಾಯಿದೆಗೆ ಒಳಪಟ್ಟ ವಸ್ತು, ಮನೆಯಲ್ಲಿ ತಯಾರಿಸತಕ್ಕದ್ದಲ್ಲ. ಕಡ್ಡಿಯ ಸ್ಥಳದಲ್ಲಿ ರೋಧಕದೊಡನೆ ಒಂದು ಎಲ್‌ಇಡಿ ದೀಪವನ್ನು ಜೋಡಿಸಿ. ಪಿನ್ನು ಒಳಗಿರುವಾಗ ಫೋನಿನಿಂದ ಆಜ್ಞೆ ಕೊಡಿ, ಫೋನನ್ನು ಆರಿಸಿ ಮತ್ತೆ ಹಚ್ಚಿ, ಬ್ಯಾಟರಿಯನ್ನು ಅಲುಗಾಡಿಸಿ, ಪೆಟ್ಟಿಗೆಯನ್ನು ವೈಶಾಖದ ಬಿಸಿಲಿನಲ್ಲಿ ಒಂದು ಗಂಟೆ ಇಟ್ಟು ನೋಡಿ. ಇಷ್ಟರಲ್ಲಿ ಒಂದು ಸಲವಾದರೂ ದೀಪ ಮಿನುಗಿತೆಂದರೆ, ಆ ಪೆಟ್ಟಿಗೆಯನ್ನು ಬಿಚ್ಚಿ ಮೊದಲಿನಿಂದ ಕಟ್ಟಬೇಕು.