ಬಾವಿಕಟ್ಟೆಯ ರೆಪ್, ಹುರುಳಿಯ ಪ್ರೊಟೀನ್
ಮೂಡುಬಿದಿರೆ ಬಳಿಯ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು 2020ರಲ್ಲಿ ಐಕಳ ಕಂಬಳದಲ್ಲಿ ಕೋಣಗಳ ಹಿಂದೆ 142.50 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ, ಆ ಮೈಕಟ್ಟಿನ ಫೋಟೊ ದೇಶವೆಲ್ಲ ಸುತ್ತಿತು. ಅಂಥ ಮೈ ಬೇಕೆಂದು ಬಂಟ್ವಾಳ, ಬೆಳ್ತಂಗಡಿಯ ಜಿಮ್ ಮೆಟ್ಟಿಲು ಹತ್ತುವ ಹುಡುಗ ಮೊದಲು ಎಡವುವುದು ಅಲ್ಲಿನ ರೆಪ್, ಸೆಟ್ ಎಂಬಂಥ ಮಾತುಗಳಲ್ಲಿ. ಹೆದರಬೇಕಿಲ್ಲ. ಬಾವಿಗೆ ಕೊಡಪಾನ ಇಳಿಸಿ ಒಮ್ಮೆ ಸೇದಿದರೆ ಅದು ಒಂದು ರೆಪ್. ನಡುವೆ ನಿಲ್ಲದೆ ಹತ್ತು ಕೊಡ ಸೇದಿ ಹಂಡೆಗೆ ಸುರಿದರೆ ಒಂದು ಸೆಟ್. ಹಗ್ಗ ಬಿಟ್ಟು ಬೆವರು ಒರೆಸಿಕೊಳ್ಳುವ ಒಂದೆರಡು ನಿಮಿಷ ರೆಸ್ಟ್. ಹತ್ತು ಸಲೀಸಾದಾಗ ಹನ್ನೆರಡು, ಆಮೇಲೆ ತುಸು ದೊಡ್ಡ ಕೊಡ: ಇದೇ ಪ್ರೋಗ್ರೆಸಿವ್ ಓವರ್‌ಲೋಡ್. ಸ್ನಾಯು ಬೆಳೆಯುವ ಗುಟ್ಟು ಇದರಲ್ಲಿದೆ. ಊಟದ ಲೆಕ್ಕ ಇನ್ನೂ ಮುಖ್ಯ. ಸಾಮಾನ್ಯರಿಗೆ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 0.8 ಗ್ರಾಂ ಪ್ರೊಟೀನ್ ಸಾಕು. ಭಾರ ಎತ್ತುವವರಿಗೆ 1.6 ಗ್ರಾಂವರೆಗೂ ಬೇಕಾಗುತ್ತದೆ, ಅಂದರೆ 60 ಕಿಲೋದವನಿಗೆ 96 ಗ್ರಾಂ. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿಯಿಂದಷ್ಟೇ ಅದು ದಕ್ಕದು. 100 ಗ್ರಾಂ ಬೂತಾಯಿ ಮೀನಿನಲ್ಲಿ ಸುಮಾರು 20 ಗ್ರಾಂ, ಅಷ್ಟೇ ತೂಕದ ಒಣ ಹುರುಳಿಯಲ್ಲಿ 22 ಗ್ರಾಂ ಇದೆ. ಕಂಬಳದ ಕೋಣಗಳಿಗೆ ಹುರುಳಿ ಬೇಯಿಸಿ ಹಾಕುವ ನಾವು ನಮ್ಮ ಬಟ್ಟಲಲ್ಲಿ ಅದನ್ನು ಮರೆತಿದ್ದೇವೆ! ಇನ್ನು ಜಿಮ್‌ನಲ್ಲಿ ಕಿವಿಗೆ ಬೀಳುವ ವೇ ಪುಡಿ ಎಂದರೆ ಹಾಲು ಒಡೆದಾಗ ಉಳಿಯುವ ತಿಳಿನೀರಿನ ಪ್ರೊಟೀನ್, ಅದು ಆಹಾರ. ಸ್ಟೀರಾಯ್ಡ್ ಎಂದರೆ ಹಾರ್ಮೋನಿನ ಔಷಧ. ಎರಡನ್ನೂ ಒಂದೇ ಎಂದು ನಂಬಿಸಿ ಯಾರು ಚುಚ್ಚುಮದ್ದು ಕೊಡಲು ಬಂದರೂ ದಯವಿಟ್ಟು ತೋಳು ಚಾಚಬೇಡಿ.